ಕಿಟಕಿ ಹೊಸದು, ಬಾಡಿಗೆ ಎಷ್ಟು ಏರಬಹುದು?

ಪ್ರಶ್ನೆ: ಮ್ಯೂನಿಕ್‌ನಲ್ಲಿ 62 ಚದರ ಮೀಟರ್ ಮನೆಯಲ್ಲಿದ್ದೇವೆ. ಹೀಟಿಂಗ್ ಬಿಟ್ಟು ಬರೀ ಬಾಡಿಗೆ (ಕಾಲ್ಟ್‌ಮೀಟೆ) 900 ಯೂರೊ. ಹೊರಗೋಡೆಗೆ ಇನ್ಸುಲೇಶನ್ ಮಾಡಿಸಿ ಹೊಸ ಕಿಟಕಿ ಹಾಕಿಸಿದ ಮಾಲೀಕರು, ನಮ್ಮ ಮನೆಯ ಪಾಲಿನ ಖರ್ಚು 31,500 ಯೂರೊ ಎಂದು ತೋರಿಸಿ ಆಗಸ್ಟ್‌ನಿಂದ ತಿಂಗಳಿಗೆ 210 ಯೂರೊ ಹೆಚ್ಚು ಕೇಳಿದ್ದಾರೆ. ಪತ್ರ ಬಂದದ್ದು ಮೇ 14ಕ್ಕೆ. ಕೊಡಲೇಬೇಕೆ?

ಉತ್ತರ: ಮೊದಲು ಕರಾರುಪತ್ರ ತೆಗೆದು ನೋಡಿ. ಯಾವ ವರ್ಷ ಬಾಡಿಗೆ ಎಷ್ಟೆಂದು ಮೊದಲೇ ಬರೆದಿರುವ ಷ್ಟಾಫೆಲ್‌ಮೀಟೆ ಆಗಿದ್ದರೆ ಈ ಏರಿಕೆ ಕೇಳುವಂತೆಯೇ ಇಲ್ಲ. ಬೆಲೆ ಸೂಚ್ಯಂಕದ ಜೊತೆ ಏರುವ ಇಂಡೆಕ್ಸ್‌ಮೀಟೆಯಲ್ಲೂ, ಕಾನೂನೇ ಕಡ್ಡಾಯ ಮಾಡಿದ ಕೆಲಸದಂಥ ಸಂದರ್ಭ ಬಿಟ್ಟರೆ, ಆಗುವುದಿಲ್ಲ.

ಎರಡೂ ಅಲ್ಲವೆಂದರೆ ಲೆಕ್ಕಕ್ಕೆ ಬನ್ನಿ. ಜರ್ಮನ್ ಸಿವಿಲ್ ಸಂಹಿತೆಯ 559ನೇ ಕಲಮಿನ ಪ್ರಕಾರ ಸುಧಾರಣೆಯ ಖರ್ಚಿನ ಶೇ 8ನ್ನು ವಾರ್ಷಿಕ ಬಾಡಿಗೆಗೆ ಸೇರಿಸಬಹುದು; 2019ಕ್ಕೆ ಮುಂಚೆ ಶೇ 11 ಇತ್ತು. 31,500ಕ್ಕೆ ವರ್ಷಕ್ಕೆ 2,520, ತಿಂಗಳಿಗೆ 210. ಗುಣಾಕಾರವೇನೋ ಸರಿ. ಆದರೆ ನಿಮ್ಮಂಥ ಬಾಡಿಗೆಗೆ ಆರು ವರ್ಷದೊಳಗೆ ಚದರ ಮೀಟರಿಗೆ 3 ಯೂರೊ ಮೀರುವಂತಿಲ್ಲ. ಅಲ್ಲಿಗೆ 186.

ನಿಜವಾದ ತಕರಾರು ಇರುವುದು ಆ 31,500ರಲ್ಲೇ. ಹೇಗಿದ್ದರೂ ಮಾಡಿಸಬೇಕಿದ್ದ ರಿಪೇರಿಯ ಪಾಲನ್ನು ಕಳೆಯಬೇಕು. ಹಳೆ ಕಿಟಕಿಯ ಚೌಕಟ್ಟು ಕೊಳೆತಿತ್ತೆ? ಬಿಲ್ಲಿನಲ್ಲಿ ‘ಪ್ಲಾಸ್ಟರ್ ಬಿರುಕು ತುಂಬಿದ್ದು’ ಎಂಬ ಸಾಲಿದೆಯೆ? ಅದು ರಿಪೇರಿ, ಸುಧಾರಣೆಯಲ್ಲ. ಪೂರ್ತಿ ಕೆಟ್ಟಿರದಿದ್ದರೂ ಬಾಳಿಕೆ ಬಹುಪಾಲು ಮುಗಿದಿದ್ದರೆ ಕಳೆಯಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ; ಆ ಪ್ರಕರಣದ ಬಾಗಿಲುಗಳಿಗೆ ಸುಮಾರು 60 ವರ್ಷ ವಯಸ್ಸು. ಸರ್ಕಾರಿ ಸಹಾಯಧನವನ್ನೂ ಕಳೆಯಬೇಕು. ಎರಡೂ ಸೇರಿ 9,000 ಹೋಯಿತೆನ್ನಿ, ಏರಿಕೆ 150ಕ್ಕೆ ಇಳಿಯುತ್ತದೆ.

ಹಾಗಾಗಿ ಬಿಲ್ಲುಗಳನ್ನು ತೋರಿಸಿ ಎಂದು ಬರಹದಲ್ಲೇ ಕೇಳಿ. ಅದು ನಿಮ್ಮ ಹಕ್ಕು. ಗಾಳಿ ನುಗ್ಗುತ್ತದೆಂದು ಹಿಂದೆ ಕಳಿಸಿದ್ದ ಇಮೇಲು, ಹಳೆ ಕಿಟಕಿಯ ಫೋಟೊ ಹುಡುಕಿಡಿ. ಕೆಲಸಕ್ಕೆ ಮುಂಚೆ ಬಂದ ನೋಟಿಸನ್ನೂ ತೆಗೆಯಿರಿ: ಅದು ಮೂರು ತಿಂಗಳು ಮುಂಚೆ ಬಂದಿರಬೇಕಿತ್ತು. ಅದರಲ್ಲಿ ಹೇಳಿದ ಏರಿಕೆಗಿಂತ ಈಗಿನದು ಶೇ 10ಕ್ಕೂ ಹೆಚ್ಚಾಗಿದ್ದರೆ ಹೊಸ ಬಾಡಿಗೆ ಆಗಸ್ಟ್‌ನಲ್ಲಲ್ಲ, ಫೆಬ್ರವರಿಯಲ್ಲಿ ಶುರು.

ಆರ್ಥಿಕ ಕಷ್ಟದ ಆಕ್ಷೇಪಕ್ಕೂ ಅವಕಾಶವಿತ್ತು, ನೋಟಿಸು ತಲುಪಿದ ಮರುತಿಂಗಳ ಕೊನೆಯವರೆಗೆ. ಒಳ್ಳೆಯ ಸಂಬಳದವರಿಗೆ ಅದು ನಡೆಯುವುದು ಕಷ್ಟ.

ಬಾಡಿಗೆ ನಿಲ್ಲಿಸಬೇಡಿ, ಬಾಕಿ ಬೆಳೆದರೆ ಮನೆ ಬಿಡಿಸುವ ನೆಪವಾಗುತ್ತದೆ. ‘ಉಂಟರ್ ಫೋರ್‌ಬೆಹಾಲ್ಟ್’, ಅಂದರೆ ಹಕ್ಕು ಕಾಯ್ದಿರಿಸಿ, ಎಂದು ಬರೆದು ಕಟ್ಟಿ. ಒಪ್ಪಿಗೆ ಪತ್ರ ಕಳಿಸಿದರೆ ಸಹಿ ಹಾಕಬೇಡಿ; ಈ ಏರಿಕೆಗೆ ನಿಮ್ಮ ಸಹಿ ಬೇಕೇ ಇಲ್ಲ, ಹಾಕಿದರೆ ಆಮೇಲೆ ವಾದ ದುರ್ಬಲ. ಲೆಕ್ಕ ಪರಿಶೀಲಿಸಲು ಮೀಟರ್‌ಫೆರೈನ್ (ಬಾಡಿಗೆದಾರರ ಸಂಘ) ಸದಸ್ಯರಾಗಿ, ಬಿಲ್ಲುಗಳ ಪ್ರತಿಯೊಂದಿಗೆ ಹೋಗಿ.