ಫೈಬರ್ ದೋಣಿಯ ತಳ ಬಿರುಕು ಬಿಟ್ಟಿದೆ, ನಾವೇ ರಿಪೇರಿ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇವೆ. ಹಳೆಯ ಫೈಬರ್ ದೋಣಿ, ಸೆಕೆಂಡ್ ಹ್ಯಾಂಡ್ ತಂದದ್ದು. ತಳದಲ್ಲಿ ಬಿರುಕು ಬಿಟ್ಟು ನೀರು ಬರುತ್ತಿದೆ. ಎಂ-ಸೀಲ್ ಹಚ್ಚಿದರೆ ಸ್ವಲ್ಪ ದಿನ ನಿಲ್ಲುತ್ತದೆ, ಮತ್ತೆ ಅದೇ ಕಥೆ. ಹೊಸದು ಕೊಳ್ಳುವ ಶಕ್ತಿ ಇಲ್ಲ. ಏನು ಮಾಡಲಿ?
– ಓದುಗರು, ಬೀಳಗಿ ತಾಲೂಕು

ಉತ್ತರ: ನೀವೇ ಮಾಡಬಹುದು, ಆದರೆ ಎಂ-ಸೀಲ್ ಬಿಟ್ಟುಬಿಡಿ. ದೋಣಿಗೆ ಬಲ ಬರುವುದು ಗಾಜಿನ ನಾರಿನಿಂದ. ಬಿರುಕು ಬಿಟ್ಟಲ್ಲಿ ಆ ನಾರೇ ಹರಿದಿರುತ್ತದೆ, ಮೇಲಿಂದ ಎಷ್ಟು ಮೆತ್ತಿದರೂ ಅದು ಕೂಡುವುದಿಲ್ಲ.

ಮೊದಲು ಬಿರುಕಿನ ಸುತ್ತ ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ ಇದೆ. ಸದ್ದು ಮಂಕಾದರೆ ಒಳಗೆ ಪದರು ಬಿಟ್ಟಿದೆ, ಅಲ್ಲಿಯವರೆಗೂ ಚಾಕ್‌ಪೀಸ್‌ನಿಂದ ಗೆರೆ ಹಾಕಿ. ಜೇಡರ ಬಲೆಯಂಥ ಸಣ್ಣ ಗೀರುಗಳು ಮಾತ್ರ ಇದ್ದರೆ ಹೆಚ್ಚಾಗಿ ಅದು ಮೇಲಿನ ಜೆಲ್‌ಕೋಟ್ ಪದರಿನದು, ಗಾಬರಿ ಬೇಡ. ಒಳಗಿನ ಅಡ್ಡಪಟ್ಟಿ ಮುರಿದಿದೆಯಾ ಅಂತಲೂ ನೋಡಿ. ಅದು ಮುರಿದಿದ್ದರೆ ತಳ ಬಾಗುತ್ತಲೇ ಇರುತ್ತದೆ, ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ.

ಆಮೇಲೆ ಗ್ರೈಂಡರ್‌ನಿಂದ ಬಿರುಕನ್ನು ಕೆತ್ತಿ ತೆಗೆಯಿರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆ ಮಾಸ್ಕ್ ಇರಲೇಬೇಕು, ಗಾಜಿನ ಧೂಳು ಅದು. ಬಿರುಕಿನ ಎರಡೂ ಕಡೆ ಇಳಿಜಾರು ಮಾಡಬೇಕು: ತಳ 5 ಮಿ.ಮೀ. ದಪ್ಪ ಇದ್ದರೆ ಒಂದೊಂದು ಕಡೆಗೆ 60 ಮಿ.ಮೀ.ವರೆಗೆ. ಇಷ್ಟು ಅಗಲ ಯಾಕೆ ಅಂತ ಅನಿಸಬಹುದು, ಹೊಸ ಪದರು ಹಳೆಯದನ್ನು ಹಿಡಿಯುವುದು ಈ ಅಗಲದಲ್ಲೇ. ಕೆತ್ತಿದ ಮೇಲೆ ಪೂರ್ತಿ ಒಣಗಲು ಬಿಡಿ. ಹೊರಗೆ ಒಣಗಿದ ಹಾಗೆ ಕಂಡರೂ ನಾರಿನ ಸಂದಿಯಲ್ಲಿ ನೀರು ಕೂತಿರುತ್ತದೆ, ಮಾಡಿದ ರಿಪೇರಿ ಎದ್ದು ಬರುವುದು ಜಾಸ್ತಿ ಇದರಿಂದಲೇ. ಹಿನ್ನೀರು ಇಳಿದಿರುವ ಏಪ್ರಿಲ್, ಮೇ ತಿಂಗಳ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಒಣಗಿದ ಮೇಲೆ ಅಸಿಟೋನ್‌ನಿಂದ ಒರೆಸಿ.

ಇನ್ನು ಗಾಜಿನ ನಾರನ್ನು ನೆನೆಸಿ ಅಂಟಿಸುವ ರೆಸಿನ್, ಅಂದರೆ ಗಟ್ಟಿಯಾಗುವ ಅಂಟು ದ್ರವ. ಪಾಲಿಯೆಸ್ಟರ್ ರೆಸಿನ್ ಅಗ್ಗ. ಆದರೆ ಹಳೆಯ ಫೈಬರ್‌ಗೆ ಎಪಾಕ್ಸಿ ರೆಸಿನ್ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ, ದುಡ್ಡು ಹೊಂದಿಸಲು ಆಗುವುದಾದರೆ ಅದನ್ನೇ ತನ್ನಿ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ಬೇಕು, ಮಾಮೂಲಿ ಚಾಪ್ಡ್ ಮ್ಯಾಟ್ (ತುಂಡು ನಾರಿನ ಹಾಳೆ) ಅದರಲ್ಲಿ ಸರಿಯಾಗಿ ನೆನೆಯುವುದಿಲ್ಲ.

ಪಾಲಿಯೆಸ್ಟರ್ ತಂದರೆ ಒಂದು ವಿಷಯ ದಯವಿಟ್ಟು ಮರೆಯಬೇಡಿ. ಅಂಗಡಿಯಲ್ಲಿ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಮತ್ತು ಹಾರ್ಡನರ್ (ರೆಸಿನ್ ಗಟ್ಟಿ ಮಾಡುವ ದ್ರವ) ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಅವೆರಡನ್ನೂ ನೇರವಾಗಿ ಯಾವತ್ತೂ ಬೆರೆಸಬೇಡಿ, ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋ ರೆಸಿನ್‌ಗೆ 10 ಮಿ.ಲೀ. ಆಸುಪಾಸು ಹಾರ್ಡನರ್ ಸಾಕು. ಬೆಳಿಗ್ಗೆ ಬೇಗ, ನೆರಳಿನಲ್ಲಿ, ಗಾಳಿ ಆಡುವ ಕಡೆ ಮಾಡಿ. ಒಮ್ಮೆಗೆ ಸ್ವಲ್ಪವೇ ಕಲಸಿ, ಇಲ್ಲದಿದ್ದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ.

ರೆಸಿನ್‌ನಲ್ಲಿ ನೆನೆಸಿದ ಬಟ್ಟೆ ಅಥವಾ ಮ್ಯಾಟನ್ನು ಪದರು ಪದರಾಗಿ ಹಾಕುತ್ತಾ ರೋಲರ್‌ನಿಂದ ಗುಳ್ಳೆಗಳನ್ನೆಲ್ಲ ಒತ್ತಿ ತೆಗೆಯಿರಿ. ತೂತು ಆರಪಾರ ಆಗಿದ್ದರೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಲಗೆ ಆನಿಸಿ, ಹೊರಗಿನ ಕೆಲಸ ಗಟ್ಟಿಯಾದ ಮೇಲೆ ಒಳಗೂ ಒಂದೆರಡು ಪದರು ಹಾಕಿ. ಒಂದು ವಾರ ನೀರಿಗೆ ಇಳಿಸಬೇಡಿ. ಮೊದಲ ಸಲ ದಡದ ಹತ್ತಿರ, ಬಲೆ ಸಾಮಾನು ಇಲ್ಲದೆ ತೇಲಿಬಿಟ್ಟು ನೋಡಿ. ತಳದ ತುಂಬಾ ಮಂಕು ಸದ್ದೇ ಬರುತ್ತಿದ್ದರೆ ಮಾತ್ರ ಆ ದೋಣಿಯಲ್ಲಿ ಯಾರನ್ನೂ ಕೂರಿಸಬೇಡಿ.