ಯಾವ ವರ್ಷದ ಅಲಿ?

ಪ್ರಿಯ ಗೆಳೆಯರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ 'ಎಲ್ಲ ಕಾಲದ ಹೆವಿವೇಟ್ ದೊರೆ ಯಾರು?' ಲೇಖನ, ಅಂದರೆ ಬಾಕ್ಸಿಂಗಿನ ಅತಿ ಭಾರದ ವಿಭಾಗದ ಬಗ್ಗೆ ಬರೆದದ್ದು, ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಎಲ್ಲೂ ಎಳೆದಿಲ್ಲ. 1930-40ರ ದಶಕಗಳ ಜೋ ಲೂಯಿಸ್‌ನಿಂದ ಹಿಡಿದು ಈಚಿನ ಉಸಿಕ್‌ವರೆಗೆ ಹತ್ತು ಚಾಂಪಿಯನ್ನರನ್ನು ಸಾಲಾಗಿ ನಿಲ್ಲಿಸಿ, ಒಬ್ಬರ ಮೇಲೊಬ್ಬರನ್ನು ಬಿಟ್ಟು, ಕೊನೆಗೆ 1950ರ ದಶಕದ ರಾಕಿ ಮಾರ್ಸಿಯಾನೊ ತಲೆಗೆ ಕಿರೀಟ ಇಟ್ಟಿದ್ದೀರಿ. ನಮ್ಮ ಮಲೆನಾಡಿನ ಕಡೆಯಿಂದ ಬಾಕ್ಸಿಂಗ್ ಬಗ್ಗೆ ಬರೆಯುವವರು ಕಡಿಮೆ. ಹಾಗಾಗಿ ಖುಷಿಯಿಂದಲೇ ಓದಲು ಕೂತೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

'ಮೈಕ್ ಟೈಸನ್ ಎದುರು ಅಲಿ ಮೂರು ಸುತ್ತು ನಿಲ್ಲುವುದೂ ಅನುಮಾನ' ಅಂತ ಬರೆದಿದ್ದೀರಿ.

ಯಾವ ಅಲಿ? 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ ಅಲಿಯೇ? ಆಗ ಅವನಿಗೆ 24 ವರ್ಷ. ಅಷ್ಟು ಎತ್ತರದ ಮನುಷ್ಯ ಅಷ್ಟು ಹಗುರವಾಗಿ ಓಡಾಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಮರುವರ್ಷ ಸೈನ್ಯ ಸೇರಲು ಒಪ್ಪಲಿಲ್ಲ ಅಂತ ಪಟ್ಟ ಕಿತ್ತುಕೊಂಡರು. ಮೂರೂವರೆ ವರ್ಷ ಅವನಿಗೆ ಪಂದ್ಯವೇ ಇರಲಿಲ್ಲ. 1970ರಲ್ಲಿ ವಾಪಸ್ ಬಂದವನಿಗೆ ಆ ಕಾಲುಗಳು ಉಳಿದಿರಲಿಲ್ಲ. ಹಾಗಾಗಿಯೇ 1974ರಲ್ಲಿ ಕಿನ್ಶಾಸಾದಲ್ಲಿ ಬೇರೆ ದಾರಿ ಹಿಡಿದ. ಹಗ್ಗಕ್ಕೆ ಒರಗಿ, ಆಗಿನ ಚಾಂಪಿಯನ್ ಜಾರ್ಜ್ ಫೋರ್ಮನ್ ಗುದ್ದುಗಳನ್ನು ತೋಳಿನ ಮೇಲೆ ತಗೊಂಡು, ಅವನು ಸುಸ್ತಾಗುವವರೆಗೆ ಕಾದು ಎಂಟನೇ ಸುತ್ತಿನಲ್ಲಿ ಕೆಡವಿದ. ಇನ್ನು 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಸುಮ್ನೆ ಏಟು ತಿಂದವನೂ ಅಲಿಯೇ. ಇವರಲ್ಲಿ ಯಾರನ್ನು ನೀವು ರಿಂಗಿಗೆ ಇಳಿಸಿದ್ದೀರಿ?

ಟೈಸನ್ ಮಾತೂ ಅಷ್ಟೇ. 1986ರಲ್ಲಿ ಚಾಂಪಿಯನ್ ಬರ್ಬಿಕ್‌ನನ್ನು ಎರಡು ಸುತ್ತಿನಲ್ಲಿ ಉರುಳಿಸಿದಾಗ ಅವನಿಗೆ ಬರೀ 20. ಡಗ್ಲಸ್ ಕೈಲಿ ಟೋಕಿಯೊದಲ್ಲಿ ಸೋತದ್ದು 1990ರಲ್ಲಿ. ಮಧ್ಯೆ ಮೂರು ವರ್ಷ ಚಿಲ್ಲರೆ ಅಷ್ಟೇ, ಆದರೆ ಟೋಕಿಯೊದಲ್ಲಿ ತಲೆ ಆಡಿಸುತ್ತಾ ಒಳಗೆ ನುಗ್ಗುವ ಆ ಹಳೆಯ ಆಟ ಕಾಣಲೇ ಇಲ್ಲ. ಹೆಸರು ಒಂದೇ ಇದ್ದ ಮಾತ್ರಕ್ಕೆ ಆಟಗಾರ ಒಬ್ಬನೇ ಆಗುವುದಿಲ್ಲ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಯಲ್ಲಿ. ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿ ಬಂತು ಅಂದರೆ ನಮ್ಮ ಹಿರಿಯ ವರದಿಗಾರರು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮೊದಲು ಹೋಗುತ್ತಿದ್ದದ್ದು ಕಣಕ್ಕಲ್ಲ, ಗರಡಿ ಮನೆಗೆ. ಅಲ್ಲಿ ವಯಸ್ಸಾದ ಪೈಲ್ವಾನರು ಕೂತು, ತಮ್ಮ ಕಾಲದ ಇಂಥವನು ಈಗಿನ ಇಂಥವನನ್ನು ಚಿತ್ ಮಾಡುತ್ತಿದ್ದನೋ ಇಲ್ಲವೋ ಅಂತ ವಾದಕ್ಕೆ ಬೀಳುತ್ತಿದ್ದರು. ಆದರೆ ವಾದ ಶುರುವಾಗುವ ಮೊದಲೇ ಕೆಲವು ಪ್ರಶ್ನೆ ಬಗೆಹರಿಯಬೇಕಿತ್ತು. ಮಣ್ಣೋ ಮ್ಯಾಟೋ? ಟೈಮ್ ಇದೆಯೋ, ಚಿತ್ ಆಗುವವರೆಗೆ ಬಿಡುತ್ತಾರೋ? ಪಾಯಿಂಟ್ ಕೊಡುತ್ತಾರಾ? ಅವನಿಗೆ ಆಗ ಎಷ್ಟು ವಯಸ್ಸು? ಇಷ್ಟು ಗೊತ್ತಾಗದೆ ಒಬ್ಬರೂ ಗೆದ್ದವನ ಹೆಸರು ಹೇಳುತ್ತಿರಲಿಲ್ಲ. 'ತೀರ್ಪು ಬರೀಬೇಡ, ಇವರು ಏನೇನು ಕೇಳ್ತಾರೋ ಅದನ್ನ ಬರಕೋ' ಅನ್ನುತ್ತಿದ್ದರು ನಮ್ಮ ಹಿರಿಯರು. ಆಟದ ಬಗ್ಗೆ ಬರೆಯಲು ನನಗೆ ಸಿಕ್ಕ ಪಾಠಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ನಿಮ್ಮ ಲೇಖನದಲ್ಲಿ ಆ ಪ್ರಶ್ನೆಗಳು ಒಂದೂ ಇಲ್ಲ. ಅದೇ ನನ್ನ ಎರಡನೇ ತಕರಾರು. 'ಮಾರ್ಸಿಯಾನೊ 49 ಪಂದ್ಯ ಆಡಿ ಒಂದೂ ಸೋಲಲಿಲ್ಲ. ಇನ್ನೇನು ಬೇಕು?' ಅಂತ ಕೇಳಿದ್ದೀರಿ. ಇನ್ನೂ ಬಹಳ ಬೇಕು. ಪಂದ್ಯ ಎಷ್ಟು ಸುತ್ತಿನದು ಅಂತ ಬೇಕು. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಆಗಿನ ಚಾಂಪಿಯನ್ ವಾಲ್ಕಾಟ್ ಅವನನ್ನು ಮೊದಲ ಸುತ್ತಿನಲ್ಲೇ ಕೆಡವಿದ್ದ. ಹನ್ನೆರಡು ಸುತ್ತು ಮುಗಿದಾಗ ಮೂರೂ ತೀರ್ಪುಗಾರರ ಲೆಕ್ಕದಲ್ಲಿ ವಾಲ್ಕಾಟನೇ ಮುಂದಿದ್ದ. ಹದಿಮೂರನೇ ಸುತ್ತಿನಲ್ಲಿ ಒಂದೇ ಒಂದು ಬಲಗೈ ಗುದ್ದು, ಪಟ್ಟ ಮಾರ್ಸಿಯಾನೊಗೆ ಬಂತು. ಆಗ ಪಟ್ಟದ ಪಂದ್ಯ 15 ಸುತ್ತಿನದು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ ರಿಂಗಿನಲ್ಲಿ ಪೆಟ್ಟು ತಿಂದು ತೀರಿಕೊಂಡ ಮೇಲೆ ಅದನ್ನು 12ಕ್ಕೆ ಇಳಿಸುತ್ತಾ ಬಂದರು. ಈಗಿನ ನಿಯಮದಲ್ಲಿ ಅವತ್ತು ವಾಲ್ಕಾಟ್ ಗೆದ್ದು ಮನೆಗೆ ಹೋಗುತ್ತಿದ್ದ. ನಿಮ್ಮ 49 ಅಲ್ಲಿಗೇ ಒಡೆಯುತ್ತಿತ್ತು, ಅಲ್ವಾ? ಇನ್ನೊಂದು ವಿಷಯ. ಮಾರ್ಸಿಯಾನೊ ತೂಕ ಸುಮಾರು 84 ಕಿಲೊ. ಈಗ ಸುಮಾರು 91 ಕಿಲೊವರೆಗಿನವರು ಹೆವಿವೇಟ್‌ಗಿಂತ ಕೆಳಗಿನ ವಿಭಾಗವಾದ ಕ್ರೂಸರ್‌ವೇಟ್‌ಗೆ ಹೋಗುತ್ತಾರೆ. ಇವತ್ತು ಬಂದಿದ್ದರೆ ಅವನು ಹೆವಿವೇಟ್‌ನಲ್ಲೇ ಇರುತ್ತಿರಲಿಲ್ಲವೇನೋ. ಇದನ್ನೆಲ್ಲ ಬರೆದ ಮೇಲೂ ಅವನೇ ಶ್ರೇಷ್ಠ ಅಂತ ನೀವು ವಾದಿಸಬಹುದು. ಬರೆಯದೆ ವಾದಿಸಬಾರದು.

1920ರ ದಶಕದ ಚಾಂಪಿಯನ್ ಜ್ಯಾಕ್ ಡೆಂಪ್ಸಿಗೆ ಒಂದು ಸಾಲು ಕೊಟ್ಟು ಬಿಟ್ಟಿದ್ದೀರಿ. ನನಗೆ ಬೇಜಾರಾದದ್ದು ಅಲ್ಲಿ. ಕಾಲಗಳನ್ನು ಹೋಲಿಸುವವನಿಗೆ ಅವನಷ್ಟು ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1919ರಲ್ಲಿ ತನಗಿಂತ 25 ಕಿಲೊಗೂ ಜಾಸ್ತಿ ತೂಕ ಇದ್ದ ಚಾಂಪಿಯನ್ ವಿಲರ್ಡ್‌ನನ್ನು ಒಂದೇ ಸುತ್ತಿನಲ್ಲಿ ಏಳು ಸಲ ಕೆಡವಿದ. ಬಿದ್ದವನ ಪಕ್ಕದಲ್ಲೇ ನಿಂತು, ಏಳುತ್ತಿದ್ದಂತೆ ಹೊಡೆಯಲು ಆಗ ಅಡ್ಡಿ ಇರಲಿಲ್ಲ. 1927ರ ಹೊತ್ತಿಗೆ ನಿಯಮ ಬದಲಾಗಿತ್ತು. ಕೆಡವಿದವನು ದೂರದ ಮೂಲೆಗೆ ಹೋಗಬೇಕು, ಆಮೇಲೆಯೇ ರೆಫರಿ ಎಣಿಸುವುದು. ಷಿಕಾಗೊದಲ್ಲಿ ಟನ್ನಿಯನ್ನು ಕೆಡವಿದ ಡೆಂಪ್ಸಿ ಹಳೆಯ ಅಭ್ಯಾಸದಂತೆ ಅಲ್ಲೇ ನಿಂತ. ಎಣಿಕೆ ತಡವಾಯಿತು. ಟನ್ನಿ ಎದ್ದ, ಪಂದ್ಯ ಗೆದ್ದ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಹತ್ತು ಜನ ಬೇಡ, ಇಬ್ಬರು ಸಾಕು. 1966ರ ಅಲಿ, 1941ರ ಲೂಯಿಸ್, 15 ಸುತ್ತು ಅಂತ ಇಟ್ಟುಕೊಳ್ಳಿ. 1941ರಲ್ಲಿ ಲೂಯಿಸ್ ಪಟ್ಟಕ್ಕೆ ಸವಾಲು ಹಾಕಿದ ಬಿಲ್ಲಿ ಕಾನ್ ಸುಮಾರು 79 ಕಿಲೊ ತೂಕದಲ್ಲೇ ಲೂಯಿಸ್ ಸುತ್ತ ಓಡಾಡುತ್ತಾ ಹನ್ನೆರಡು ಸುತ್ತು ಮುಗಿದಾಗ ಮುಂದಿದ್ದ. ಹದಿಮೂರರಲ್ಲಿ ತಾನೇ ಕೆಡವುತ್ತೇನೆ ಅಂತ ನಿಂತು ಹೊಡೆಯಲು ಹೋದ. ಆ ಸುತ್ತು ಮುಗಿಯಲು ಎರಡು ಸೆಕೆಂಡ್ ಇರುವಾಗ ಸೋತ. ಅಲಿ ಕಾನ್‌ಗಿಂತ 17 ಕಿಲೊ ಜಾಸ್ತಿ, ಎತ್ತರವೂ ಜಾಸ್ತಿ. ಓಡಾಟ ನಿಲ್ಲಿಸುವ ಪೈಕಿಯೂ ಅಲ್ಲ. ಆದರೆ ಎಡಗೈ ಕೆಳಗಿಟ್ಟು ಆಡುವವನು. ಲೂಯಿಸ್ ಬಲಗೈ ಅಂಥ ಕಡೆಯೇ ಬಂದು ಬೀಳುವಂಥದ್ದು. ಅಲಿ-ವಿಲಿಯಮ್ಸ್, ಲೂಯಿಸ್-ಕಾನ್ ಎರಡೂ ಪಂದ್ಯದ ಚಲನಚಿತ್ರಗಳು ನೋಡಲು ಸಿಗುತ್ತವೆ, ನಿಧಾನವಾಗಿ ನೋಡಿ. ಯಾರ ಕಾಲು ಎಲ್ಲಿತ್ತು, ಯಾರ ಕೈ ಎಷ್ಟು ತಗ್ಗಿತ್ತು ಅಂತ ಬರೆಯಿರಿ. ನವರಾತ್ರಿಗೆ ಮೊದಲು ಕಳಿಸಿದರೆ ದೀಪಾವಳಿ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.

ನಿಮ್ಮ,
ಸಂಪಾದಕ