ಕನ್ನಡದ ಕೊಂಡಿ ಬಾಲದಲ್ಲಿ, ಇಂಗ್ಲಿಷಿನ ಕೊಂಡಿ ತಲೆಯಲ್ಲಿ

ಪ್ರಶ್ನೆ: ನಮಸ್ಕಾರ ಮೇಡಂ. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಬರೆಯೋದು ನನಗೆ ಬರುತ್ತದೆ. ಎರಡನ್ನು ಸೇರಿಸಿ ಒಂದು ಮಾಡಲು ಹೋದರೆ ಎಡವುತ್ತೇನೆ. ಮೊನ್ನೆ ಆಫೀಸಿನ ಮೇಲ್‌ನಲ್ಲಿ ‘ವೆನ್ ದ ಮೀಟಿಂಗ್ ವಿಲ್ ಫಿನಿಶ್, ಐ ವಿಲ್ ಕಾಲ್ ಯೂ’ ಎಂದು ಬರೆದೆ. ಇನ್ನೊಂದರಲ್ಲಿ ‘ಆಲ್ದೋ ಐ ಚೆಕ್ಡ್ ದ ಫೈಲ್, ಬಟ್ ಐ ಮಿಸ್ಡ್ ಒನ್ ಎರರ್’ ಎಂದು ಬರೆದೆ. ಎರಡೂ ತಪ್ಪು ಅಂದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಗ್ರಾಮರ್ ಪುಸ್ತಕದಲ್ಲಿ ಅಡ್ವರ್ಬ್ ಕ್ಲಾಸ್ ಎಂಬ ಪಾಠ ಓದಿದೆ, ತಲೆಗೆ ಹೋಗಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಖಂಡಿತ ಹೇಳುತ್ತೇನೆ. ನಿಮ್ಮ ಎರಡು ವಾಕ್ಯಗಳೇ ಸಾಕು, ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಮೊದಲು ಹೆಸರಿನ ಭಯ ಬಿಡಿ. ಇಲ್ಲಿ ಕ್ಲಾಸ್ ಅಂದರೆ ತರಗತಿ ಅಲ್ಲ, ವಾಕ್ಯದ ಒಂದು ತುಂಡು. ಆ ತುಂಡಿಗೆ ತನ್ನದೇ ಕರ್ತೃ ಇರುತ್ತದೆ, ತನ್ನದೇ ಕ್ರಿಯಾಪದ ಇರುತ್ತದೆ. ಯಾವಾಗ, ಯಾಕೆ, ಏನಾದರೆ, ಏನೇ ಆದರೂ ಎಂಬುದನ್ನು ಹೇಳುವ ತುಂಡು ಅಡ್ವರ್ಬ್ ಕ್ಲಾಸ್. ಅದು ಒಂಟಿಯಾಗಿ ನಿಲ್ಲುವುದಿಲ್ಲ. ‘ಬಿಕಾಸ್ ಐ ವಾಸ್ ಲೇಟ್’ ಎಂದು ಬರೆದು ಫುಲ್‌ಸ್ಟಾಪ್ ಇಟ್ಟರೆ ಓದುವವರು ‘ಹೂಂ, ಆಮೇಲೆ?’ ಅಂತ ಕಾಯುತ್ತಾರೆ. ಪಕ್ಕದಲ್ಲಿ ಮುಖ್ಯ ವಾಕ್ಯ ಬಂದರೆ ಮಾತು ಪೂರ್ತಿಯಾಗುತ್ತದೆ. ಹಾಗೆ ಎರಡೂ ಸೇರಿದ್ದೇ ಕಾಂಪ್ಲೆಕ್ಸ್ ವಾಕ್ಯ.

ಈ ಕೆಲಸವನ್ನು ನೀವು ಕನ್ನಡದಲ್ಲಿ ದಿನವಿಡೀ ಮಾಡುತ್ತೀರಿ. ಮೀಟಿಂಗ್ ಮುಗಿದಾಗ, ಮುಗಿದರೆ, ಮುಗಿದರೂ, ಮುಗಿದ ಮೇಲೆ, ಮುಗಿಯುವ ತನಕ, ಮುಗಿದದ್ದರಿಂದ, ಬೇಗ ಮುಗಿಯಲಿ ಅಂತ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಬದಲಾಗುತ್ತಿರುವುದು ‘ಮುಗಿ’ ಎಂಬ ಕ್ರಿಯಾಪದದ ಬಾಲ ಮಾತ್ರ. ಎರಡು ತುಂಡುಗಳನ್ನು ಜೋಡಿಸುವ ನಮ್ಮ ಕೊಂಡಿ ಇರುವುದೇ ಆ ಬಾಲದಲ್ಲಿ. ಇಂಗ್ಲಿಷಿನಲ್ಲಿ ಅದೇ ಕೊಂಡಿ ಬೇರೆ ಪದವಾಗಿ ತುಂಡಿನ ತಲೆಗೆ ಬಂದು ಕೂರುತ್ತದೆ. ‘ಆಗ’ ಅನ್ನೋದು ವೆನ್, ‘ರೆ’ ಅನ್ನೋದು ಇಫ್, ‘ಮೇಲೆ’ ಆಫ್ಟರ್, ‘ತನಕ’ ಅಂಟಿಲ್, ‘ದ್ದರಿಂದ’ ಬಿಕಾಸ್, ‘ಲಿ ಅಂತ’ ಸೋ ದಟ್. ಮಗು ಮಲಗಲಿ ಅಂತ ದೀಪ ಆರಿಸಿದೆ ಅನ್ನಬೇಕಾ? ‘ಐ ಟರ್ನ್ಡ್ ಆಫ್ ದ ಲೈಟ್ ಸೋ ದಟ್ ದ ಚೈಲ್ಡ್ ಕುಡ್ ಸ್ಲೀಪ್.’ ಇಷ್ಟೇ.

ಇನ್ನೂ ಒಂದು ವ್ಯತ್ಯಾಸ ಇದೆ. ನಾನು ಬಂದಾಗ, ಅವಳು ಬಂದಾಗ, ಅವರು ಬಂದಾಗ. ಯಾರೇ ಬಂದರೂ ನಮ್ಮಲ್ಲಿ ‘ಬಂದಾಗ’ ಬದಲಾಗುವುದಿಲ್ಲ. ಎಷ್ಟೋ ಸಲ ಕರ್ತೃವನ್ನೂ ಬಿಟ್ಟೇಬಿಡುತ್ತೇವೆ: ‘ಮನೆಗೆ ಬಂದ ಮೇಲೆ ಫೋನ್ ಮಾಡ್ತೀನಿ.’ ಇದನ್ನು ಹಾಗೇ ಎತ್ತಿಟ್ಟರೆ ‘ಆಫ್ಟರ್ ಕಮ್ ಹೋಮ್’ ಅಂತ ಆಗುತ್ತದೆ. ನಾನು ತಿದ್ದುವ ಬರಹಗಳಲ್ಲಿ ಈ ತಪ್ಪು ತುಂಬಾ ಜಾಸ್ತಿ. ಇಂಗ್ಲಿಷಿನ ತುಂಡಿಗೆ ಕರ್ತೃ ಬೇಕು, ಅದಕ್ಕೆ ಹೊಂದುವ ಕ್ರಿಯಾಪದ ಬೇಕು: ‘ಆಫ್ಟರ್ ಐ ಕಮ್ ಹೋಮ್, ಐ ವಿಲ್ ಕಾಲ್ ಯೂ.’

ಈಗ ನಿಮ್ಮ ಮೊದಲ ವಾಕ್ಯ. ಮೀಟಿಂಗ್ ಇನ್ನೂ ಮುಗಿದಿಲ್ಲ, ಹಾಗಾಗಿ ವಿಲ್ ಬೇಕು ಅಂದುಕೊಂಡಿರಿ. ಆದರೆ ಅದನ್ನೇ ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ‘ಮೀಟಿಂಗ್ ಮುಗಿದಾಗ ಫೋನ್ ಮಾಡುತ್ತೇನೆ.’ ಮುಂದೆ ಆಗಬೇಕಾದ ಸಂಗತಿಗೆ ‘ಮುಗಿದ’ ಎಂಬ ರೂಪ ಬಳಸಿದಿರಿ! ಅದು ಆಗಿಹೋದದ್ದರ ರೂಪ ಅಲ್ವಾ? ಆದರೂ ಯಾರಿಗೂ ಗೊಂದಲ ಆಗುವುದಿಲ್ಲ. ‘ಮಾಡುತ್ತೇನೆ’ ಎಂಬ ಕೊನೆಯ ಪದವೇ ಇದು ಮುಂದಿನ ಮಾತು ಅಂತ ತೋರಿಸಿಬಿಡುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ಮುಂದಿನ ಕಾಲದ ಭಾರ ಹೊರುವುದು ಮುಖ್ಯ ವಾಕ್ಯ. ಕೊಂಡಿಯ ತುಂಡಿನಲ್ಲಿ ಸಾದಾ ವರ್ತಮಾನ ಸಾಕು: ‘ವೆನ್ ದ ಮೀಟಿಂಗ್ ಫಿನಿಶಸ್, ಐ ವಿಲ್ ಕಾಲ್ ಯೂ.’ ಆಫ್ಟರ್, ಬಿಫೋರ್, ಅಂಟಿಲ್, ಆಸ್ ಸೂನ್ ಆಸ್ ಜೊತೆಗೂ ಇದೇ. ಇಫ್, ಅನ್‌ಲೆಸ್ ಜೊತೆಗೂ ಸಾಮಾನ್ಯವಾಗಿ ಹೀಗೇ.

ಹಾಗಾದರೆ ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ತಪ್ಪಾ? ಅಲ್ಲ, ಸರಿಯೇ. ಇಲ್ಲಿ ವೆನ್ ಅಂದರೆ ‘ಬಂದಾಗ’ ಅಲ್ಲ, ‘ಯಾವಾಗ ಬರುತ್ತಾನೋ’ ಅಂತ. ನಿಮ್ಮ ಪರೀಕ್ಷೆ ಕನ್ನಡದಲ್ಲೇ ಇದೆ. ಕನ್ನಡದಲ್ಲಿ ‘ಬಂದಾಗ’ ಎಂದಾದರೆ ಇಂಗ್ಲಿಷಿನಲ್ಲಿ ವಿಲ್ ಬೇಡ. ‘ಯಾವಾಗ ಬರುತ್ತಾನೋ ಗೊತ್ತಿಲ್ಲ’ ಎಂಬ ಥರದ ಮಾತಾದರೆ ವಿಲ್ ಬರಬಹುದು.

ಎರಡನೆಯ ವಾಕ್ಯದಲ್ಲಿ ಒಂದೇ ಜೋಡಣೆಗೆ ಎರಡು ಕೊಂಡಿ ಬಿದ್ದಿವೆ. ‘ಫೈಲ್ ನೋಡಿದರೂ, ಆದರೆ ಒಂದು ತಪ್ಪು ಉಳಿಯಿತು’ ಅಂತ ಕನ್ನಡದಲ್ಲಿ ಹೇಳುತ್ತೀರಾ? ಕಿವಿಗೇ ಒಗ್ಗುವುದಿಲ್ಲ. ‘ನೋಡಿದರೂ’ ಇರಬೇಕು, ಇಲ್ಲವೇ ‘ನೋಡಿದೆ, ಆದರೆ’ ಇರಬೇಕು. ಹಾಗೆಯೇ ಆಲ್ದೋ ಇಟ್ಟರೆ ಬಟ್ ತೆಗೆಯಿರಿ, ಬಟ್ ಬೇಕಾದರೆ ಆಲ್ದೋ ತೆಗೆಯಿರಿ. ಬಿಕಾಸ್ ಮತ್ತು ಸೋ ಒಟ್ಟಿಗೆ ಬಂದರೂ ಇದೇ ತಪ್ಪು. ಇಫ್ ತುಂಡಿನ ನಂತರ ದೆನ್ ಬಂದರೆ ಮಾತ್ರ ತೊಂದರೆಯಿಲ್ಲ.

ನಮ್ಮ ‘ರೂ’ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಚೆನ್ನಾಗಿ ಬರೆಯುವವರೂ ಇಲ್ಲಿ ತಪ್ಪುತ್ತಾರೆ. ‘ಮಳೆ ಬಂದರೂ ಹೋದೆ.’ ‘ಮಳೆ ಬಂದರೂ ಹೋಗುತ್ತೇನೆ.’ ನಮಗೆ ಎರಡಕ್ಕೂ ಒಂದೇ ಬಾಲ. ಮೊದಲನೆಯದರಲ್ಲಿ ಮಳೆ ನಿಜಕ್ಕೂ ಬಂದಿದೆ, ಅಲ್ಲಿ ಈವನ್ ದೋ ಅಥವಾ ಆಲ್ದೋ: ‘ಐ ವೆಂಟ್ ಈವನ್ ದೋ ಇಟ್ ರೇನ್ಡ್.’ ಎರಡನೆಯದರಲ್ಲಿ ಮಳೆ ಬರಬಹುದು, ಬಾರದೆಯೂ ಇರಬಹುದು. ಅಲ್ಲಿ ಈವನ್ ಇಫ್: ‘ಐ ವಿಲ್ ಗೋ ಈವನ್ ಇಫ್ ಇಟ್ ರೇನ್ಸ್.’ ಬರೆಯುವ ಮುಂಚೆ ‘ಇದು ಆಗಿದೆಯಾ, ಆಗಬಹುದಾ?’ ಅಂತ ಕೇಳಿಕೊಳ್ಳಿ.

‘ಇಂದ’ ಎಂಬ ಬಾಲವೂ ಎರಡು ಕಡೆ ದುಡಿಯುತ್ತದೆ. ‘ಮಳೆಯಿಂದ ತಡವಾಯಿತು’ ಅನ್ನುತ್ತೇವೆ, ‘ಮಳೆ ಬಂದದ್ದರಿಂದ ತಡವಾಯಿತು’ ಅಂತಲೂ ಅನ್ನುತ್ತೇವೆ. ಮೊದಲನೆಯದರಲ್ಲಿ ಕಾರಣ ಬರೀ ನಾಮಪದ, ಅದಕ್ಕೆ ‘ಬಿಕಾಸ್ ಆಫ್ ದ ರೈನ್’. ಎರಡನೆಯದರಲ್ಲಿ ಕಾರಣಕ್ಕೇ ಒಂದು ಕ್ರಿಯಾಪದ ಇದೆ, ಅದಕ್ಕೆ ‘ಬಿಕಾಸ್ ಇಟ್ ರೇನ್ಡ್’. ಇದನ್ನು ನೋಡಿ ಕೆಲವರು ‘ಮಳೆ ಇದ್ದರೂ’ ಎಂಬ ಥರದ ಮಾತಿಗೆ ‘ಡಿಸ್ಪೈಟ್ ಆಫ್’ ಅಂತಲೂ ಬರೆಯುತ್ತಾರೆ. ಡಿಸ್ಪೈಟ್ ಪಕ್ಕ ಆಫ್ ಬರುವುದಿಲ್ಲ.

ಪ್ರಶ್ನೆ: ಬಿಕಾಸ್ ಅನ್ನು ವಾಕ್ಯದ ಮೊದಲಿಗೆ ಇಡಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಿಜವಾ? ಮತ್ತೆ ಕಾಮಾ ಎಲ್ಲಿ ಹಾಕಬೇಕು?

ಉತ್ತರ: ಇಡಬಹುದು, ಆ ತುಂಡಿನ ನಂತರ ಮುಖ್ಯ ವಾಕ್ಯ ಇರಬೇಕು ಅಷ್ಟೇ. ಮಕ್ಕಳು ಅರ್ಧಕ್ಕೇ ಫುಲ್‌ಸ್ಟಾಪ್ ಇಡಬಾರದು ಅಂತ ಹಾಗೆ ಹೇಳಿಕೊಟ್ಟಿರಬಹುದು. ಕೊಂಡಿಯ ತುಂಡು ವಾಕ್ಯದ ಮೊದಲಿಗೆ ಬಂದರೆ ಅದರ ಕೊನೆಯಲ್ಲಿ ಕಾಮಾ ಹಾಕಿ. ಮುಖ್ಯ ವಾಕ್ಯದ ನಂತರ ಬಂದರೆ ಹೆಚ್ಚಿನ ಸಲ ಬೇಡ, ಆಲ್ದೋ ಥರದ ತುಂಡಿಗೆ ಮಾತ್ರ ಹಾಗೆ ಬಂದಾಗಲೂ ಹಾಕುವುದುಂಟು.

ಯಾವುದನ್ನು ಮುಂದಿಡಬೇಕು ಅನ್ನೋದು ಇದಕ್ಕಿಂತ ದೊಡ್ಡ ವಿಷಯ. ಓದುವವರಿಗೆ ಗೊತ್ತಿರುವುದು ಮುಂದೆ, ಹೊಸ ಸುದ್ದಿ ಕೊನೆಗೆ ಬಂದರೆ ವಾಕ್ಯ ಸಲೀಸಾಗಿ ಹರಿಯುತ್ತದೆ. ಕನ್ನಡದಲ್ಲಿ ಇಂಥ ತುಂಡು ಸಾಮಾನ್ಯವಾಗಿ ಮೊದಲೇ ಬರುವುದರಿಂದ ನಾವು ಇಂಗ್ಲಿಷಿನಲ್ಲೂ ಎಲ್ಲವನ್ನೂ ಮುಂದಕ್ಕೇ ತಳ್ಳುತ್ತೇವೆ. ಕೆಲವನ್ನು ಹಿಂದಕ್ಕೆ ಕಳಿಸಿ ನೋಡಿ.

ಒಂದು ಕಡೆ ಮಾತ್ರ ಹುಷಾರು. ‘ಐ ಡಿಡಂಟ್ ಗೋ ಬಿಕಾಸ್ ಹಿ ಕಾಲ್ಡ್ ಮಿ.’ ಇದಕ್ಕೆ ಎರಡು ಅರ್ಥ. ಅವನು ಕರೆದದ್ದರಿಂದ ನಾನು ಹೋಗಲಿಲ್ಲ ಅಂತ ಒಂದು. ಹೋದೆ ನಿಜ, ಆದರೆ ಅವನು ಕರೆದ ಅಂತ ಹೋದದ್ದಲ್ಲ ಅಂತ ಇನ್ನೊಂದು. ಮೊದಲ ಅರ್ಥ ಬೇಕಾದರೆ ಬಿಕಾಸ್ ತುಂಡನ್ನು ವಾಕ್ಯದ ಮೊದಲಿಗೆ ತಂದುಬಿಡಿ, ಗೊಂದಲವೇ ಇರುವುದಿಲ್ಲ.

ಪ್ರಶ್ನೆ: ‘ಅಂಟಿಲ್ ಹಿ ಡಸಂಟ್ ಕಮ್, ಐ ವಿಲ್ ವೇಟ್’ ಸರಿಯಾ?

ಉತ್ತರ: ಸರಿಯಲ್ಲ. ‘ಎಲ್ಲಿಯವರೆಗೆ ಅವನು ಬರುವುದಿಲ್ಲವೋ ಅಲ್ಲಿಯವರೆಗೆ’ ಎಂಬ ಉದ್ದದ ಕನ್ನಡ ಮನಸ್ಸಿನಲ್ಲಿದ್ದರೆ ಆ ‘ಇಲ್ಲ’ ಇಂಗ್ಲಿಷಿಗೂ ನುಗ್ಗುತ್ತದೆ. ‘ಅವನು ಬರೋ ತನಕ’ ಅಂತ ಯೋಚಿಸಿ, ‘ಐ ವಿಲ್ ವೇಟ್ ಅಂಟಿಲ್ ಹಿ ಕಮ್ಸ್’ ತಾನಾಗಿ ಬರುತ್ತದೆ. ಅನ್‌ಲೆಸ್ ಕೂಡ ಹಾಗೇ, ಅದರ ಹೊಟ್ಟೆಯೊಳಗೇ ಒಂದು ‘ಇಲ್ಲ’ ಇದೆ. ‘ನೀವು ಕೇಳದ ಹೊರತು’ ಎಂಬುದಕ್ಕೆ ‘ಅನ್‌ಲೆಸ್ ಯೂ ಆಸ್ಕ್’ ಸಾಕು. ಅದಕ್ಕೆ ಡೋಂಟ್ ಸೇರಿಸಿದರೆ ಅರ್ಥ ತಿರುಗಿಬೀಳುತ್ತದೆ.

ಪ್ರಶ್ನೆ: ‘ವಾಕಿಂಗ್ ಹೋಮ್, ಇಟ್ ಸ್ಟಾರ್ಟೆಡ್ ರೇನಿಂಗ್’ ಎಂದು ಬರೆದಿದ್ದಕ್ಕೆ ಕೆಂಪು ಗೆರೆ ಎಳೆದಿದ್ದಾರೆ. ಏನು ತಪ್ಪು?

ಉತ್ತರ: ‘ಮನೆಗೆ ನಡೆದುಕೊಂಡು ಹೋಗುವಾಗ ಮಳೆ ಶುರುವಾಯಿತು’ ಅನ್ನೋದು ಒಳ್ಳೆಯ ಕನ್ನಡ. ನಡೆದವರು ಯಾರು ಅಂತ ನಾವು ಊಹಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಕರ್ತೃ ಬಿಟ್ಟು ‘ವಾಕಿಂಗ್’ ಎಂದು ಶುರುಮಾಡಿದರೆ, ಮುಖ್ಯ ವಾಕ್ಯದ ಕರ್ತೃವೇ ನಡೆದದ್ದು ಅಂತ ಲೆಕ್ಕ. ಮಳೆಯೇ ನಡೆದ ಹಾಗಾಯಿತು ನೋಡಿ. ಸಂಶಯ ಬಂದಾಗ ಆ ತುಂಡಿಗೆ ಅದರ ಕರ್ತೃವನ್ನು ವಾಪಸ್ ಕೊಟ್ಟುಬಿಡಿ: ‘ವೈಲ್ ಐ ವಾಸ್ ವಾಕಿಂಗ್ ಹೋಮ್, ಇಟ್ ಸ್ಟಾರ್ಟೆಡ್ ರೇನಿಂಗ್.’